ಫಸ್ಟ್ ಇಶ್ಯೂ

ಹದಿನಾರು ವರ್ಷ ಸಂಸಾರ ಮಾಡಿದ ಗಂಡ, ಉಪ್ಪು ಹಾಕಲು ಮರೆತ ಸೊಪ್ಪಿನ ಸಾರಿನಲ್ಲಿ ಮುದ್ದೆ ಅದ್ದಿ ಸೊಲ್ಲೆತ್ತದೆ ಉಂಡು ಎದ್ದು ಹೋದರೆ ಯಾವ ಹೆಂಗಸಿಗೆ ತಾನೆ ಅನುಮಾನ ಬರುವುದಿಲ್ಲ? ಸುನಂದಾಳಿಗೂ ಬಂತು. ಅವಳ ಗಂಡ ಗಂಗಾಧರ ಊಟದ ವಿಷಯದಲ್ಲಿ ಸುಮ್ಮನಿರುವ ಪೈಕಿಯವನಲ್ಲ. ಒಗ್ಗರಣೆಯಲ್ಲಿ ಸಾಸಿವೆ ಒಂಚೂರು ಸೀದರೂ ಜಗಲಿಯಿಂದಲೇ ಕೂಗಿ ಹೇಳುವವನು. ಅಂಥವನು ಅಂದು ಮಧ್ಯಾಹ್ನ ಎರಡು ಮುದ್ದೆ ನುಂಗಿ, ತಟ್ಟೆಯಲ್ಲೇ ಕೈ ತೊಳೆದು, ಮೊಬೈಲು ಹಿಡಿದುಕೊಂಡು ತೋಟದ ಕಡೆ ಹೊರಟುಬಿಟ್ಟ.

ಆಮೇಲೆ ಊಟಕ್ಕೆ ಕೂತ ಅತ್ತೆ ಅಂಕಮ್ಮ ಮೊದಲ ತುತ್ತಿಗೇ ಮುಖ ಕಿವುಚಿದಳು.

“ಇದೇನೇ ಇದು, ಉಪ್ಪೇ ಇಲ್ಲ! ನನ್ ಮಗ ಪಾಪ, ಹಂಗೇ ನುಂಗ್ಕಂಡು ಹೋದ್ನಲ್ಲೇ.”

“ನಿಮ್ಮಗ ನುಂಗ್ಕಂಡಿರೋದು ಉಪ್ಪಿಲ್ದಿರೋ ಸಾರೊಂದೇ ಅಲ್ಲ ಅತ್ತೆ. ಇನ್ನೂ ಏನೋ ಐತೆ.”

“ಏನೈತೆ?”

“ಅದೇ ಗೊತ್ತಾಗ್ತಿಲ್ಲ.”

ದಂಡಿನಶಿವರದ ಅಂಚಿನಲ್ಲಿದ್ದ ಆ ಮನೆಯಲ್ಲಿ ಇದ್ದದ್ದು ಈ ಮೂರೇ ಜನ. ನಾಲ್ಕು ಎಕರೆ ತೆಂಗು, ಎರಡು ಹಸು, ತಲೆಯ ಮೇಲೆ ಕೊಬ್ಬರಿ ಅಟ್ಟ. ಉಣ್ಣಲು ಉಡಲು ಕೊರತೆಯಿರಲಿಲ್ಲ. ಇದ್ದ ಒಂದೇ ಕೊರತೆಯನ್ನು ಮನೆಯವರು ಕನ್ನಡದಲ್ಲಿ ಹೇಳುತ್ತಿರಲಿಲ್ಲ. ಮದುವೆಯಾದ ನಾಲ್ಕನೇ ವರ್ಷ ತುಮಕೂರಿನ ಆಸ್ಪತ್ರೆಯೊಂದರಲ್ಲಿ ಡಾಕ್ಟರು ಚೀಟಿಯ ನೆತ್ತಿಯ ಮೇಲೆ ‘ನೋ ಇಶ್ಯೂ’ ಎಂದು ಬರೆದಾಗ, ಏನೂ ತೊಂದರೆಯಿಲ್ಲ ಎಂದು ಬರೆದಿದ್ದಾರೆಂದು ತಿಳಿದು ಸುನಂದಾ ಹಿಗ್ಗಿದ್ದಳು. “ಇಶ್ಯೂ ಅಂದ್ರೆ ಮಕ್ಕಳು ಕಣಮ್ಮ. ಮಕ್ಕಳಾಗಿಲ್ಲ ಅಂತ ಬರ್ದಿರೋದು” ಎಂದು ನರ್ಸು ಬಿಡಿಸಿ ಹೇಳಿದ ಮೇಲೆ ಆ ಹಿಗ್ಗು ಆಸ್ಪತ್ರೆಯ ಗೇಟು ದಾಟಲಿಲ್ಲ. ಆಮೇಲೆ ಎಷ್ಟೋ ಆಸ್ಪತ್ರೆ, ಎಷ್ಟೋ ಚೀಟಿ. ಇಬ್ಬರಲ್ಲೂ ದೋಷವಿಲ್ಲ, ಕಾರಣ ಮಾತ್ರ ಗೊತ್ತಾಗುತ್ತಿಲ್ಲ ಎಂದೇ ಎಲ್ಲರೂ ಹೇಳಿದ್ದು.

ಆ ಇಂಗ್ಲಿಷ್ ಮಾತು ಹಾಗೆಯೇ ಮನೆಗೆ ಬಂದು ಮನೆಯದೇ ಆಯಿತು. ಬಂಜೆ ಎಂಬ ಮಾತು ಒರಟು, ಇಶ್ಯೂ ಎಂದರೆ ಅಷ್ಟು ಚುಚ್ಚುವುದಿಲ್ಲ. ಬಂದವರು ಕೇಳಿದರೆ ಅಂಕಮ್ಮ “ನಮ್ ಸೊಸೆಗೆ ಇಶ್ಯೂ ಆಗ್ಲಿಲ್ಲ” ಎಂದು ಕೈಯಾಡಿಸಿಬಿಡುತ್ತಿದ್ದಳು. ನಮ್ಮ ಮಗನಿಗೆ ಆಗಲಿಲ್ಲ ಎಂದು ಮಾತ್ರ ಒಂದು ದಿನವೂ ಹೇಳಿದವಳಲ್ಲ.

ಉಪ್ಪಿಲ್ಲದ ಸಾರಿನ ಮಾರನೆಯ ಸಂಜೆ ಸುನಂದಾ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದಳು. ಗೋಡೆಯ ಆಚೆ, ಕಾಯಿ ರಾಶಿಯ ಹತ್ತಿರ ನಿಂತು ಗಂಗಾಧರ ಫೋನಿನಲ್ಲಿ ಮಾತಾಡುತ್ತಿದ್ದ. ಅದು ವ್ಯಾಪಾರಿಗಳ ಜೊತೆ ಆಡುವ ದನಿಯಲ್ಲ. ಅಷ್ಟು ಮೆತ್ತನೆಯ ದನಿ ಅವನಲ್ಲಿದೆ ಎಂಬುದೇ ಅವಳಿಗೆ ಗೊತ್ತಿರಲಿಲ್ಲ.

“ಫಸ್ಟ್ ಇಶ್ಯೂ ಅಂತೀರಾ? ಗ್ಯಾರಂಟಿನಾ? ಎಷ್ಟು ವರ್ಷದಿಂದ ಹುಡುಕ್ತಿದೀನಿ ಸಾರ್ ನಾನು! ಹೆಂಗೈತೆ ಈಗ? ಬೆನ್ನು ವೀಕಾ? ಅಯ್ಯೋ. ಹೋಗ್ಲಿ, ಮುಖ ಚೆನ್ನಾಗೈತೆ ತಾನೆ? ಮೂಲೇಲಿ ಬಿದ್ದಿತ್ತಾ, ಯಾರೂ ಕೇಳೋರಿಲ್ದೆ? ಇಲ್ಲ ಇಲ್ಲ, ಬೇರೆ ಯಾರಿಗೂ ಕೊಡ್ಬೇಡಿ, ಅದು ನಂದು. ನಾನೇ ಬೆಂಗಳೂರಿಗೆ ಬಂದು ಮನೆಗೆ ತಗೊಂಡು ಹೋಗ್ತೀನಿ. ಇನ್ನೂ ಹೇಳಿಲ್ಲ ಸಾರ್ ಮನೇಲಿ. ನಮ್ಮನೆಯೋಳು ನೊಂದ್ಕತಾಳೆ.”

ಸುನಂದಾಳ ಕೈ ಕೆಚ್ಚಲ ಮೇಲೆ ಹಾಗೇ ಬಿಗಿಯಿತು. ಹಸು ಒಮ್ಮೆ ಕಾಲು ಝಾಡಿಸಿತು. ಅರ್ಧ ತಂಬಿಗೆ ಹಾಲು ಗಂಜಲದ ಜೊತೆ ಹರಿದು ಹೋಯಿತು.

“ಯಾರದು ಫೋನು?” ಎಂದಳು ಹೊರಗೆ ಬಂದು.

“ಮೋಟಾರ್ ರಿಪೇರಿಯೋನು.”

“ಮೋಟಾರಿಗೂ ಬೆನ್ನೈತಾ?”

“ಏನಂದೆ?”

“ಹಾಲು ಚೆಲ್ಲೋಯ್ತು ಅಂದೆ.”

ಅಂದಿನಿಂದ ಸುನಂದಾಳ ಎದೆಯೊಳಗೆ ಕೆಂಡ. ಗಂಡ ಇನ್ನೊಬ್ಬಳ ಹತ್ತಿರ ಹೋದ ಎಂಬುದು ಒಂದು ಸಂಕಟವಾದರೆ, ಅದಕ್ಕಿಂತ ದೊಡ್ಡದು ಇನ್ನೊಂದಿತ್ತು. ಅವನಿಗೆ ಬೇರೆ ಕಡೆ ಮಗುವಿದೆ ಎಂದಾದರೆ ಡಾಕ್ಟರುಗಳಿಗೆ ಗೊತ್ತಾಗದ ಕಾರಣ ಈಗ ಗೊತ್ತಾದ ಹಾಗಾಯಿತು. ದೋಷ ತನ್ನದೇ. ಹದಿನಾರು ವರ್ಷ ಅತ್ತೆ ಹೇಳಿದ್ದೇ ನಿಜ. ಆ ಮಗು ಈ ಹೊಸಿಲು ತುಳಿದ ದಿನ ಈ ಮನೆಯಲ್ಲಿ ತಾನು ಯಾರು? ಹಾಲು ಕರೆಯುವವಳೋ, ಮುದ್ದೆ ಕೂಡಿಸುವವಳೋ?

ಬಾಯಿಬಿಟ್ಟು ಕೇಳಿಬಿಡಬಹುದಿತ್ತು. ಕೇಳಿದರೆ ಹೌದು ಎಂದುಬಿಟ್ಟರೆ ಎಂಬ ಭಯ. ಕೇಳದೆ ಕಾವಲು ಕೂತಳು. ಅನುಮಾನವೆಂಬುದು ಒಮ್ಮೆ ಮನೆಯೊಳಕ್ಕೆ ಬಂದರೆ ಕಂಡದ್ದೆಲ್ಲ ಸಾಕ್ಷಿಯೇ. ಗಂಗಾಧರ ಮೊಬೈಲಿಗೆ ಬೀಗದ ನಂಬರು ಹಾಕಿದ, ಅದೂ ಸಾಕ್ಷಿ. ಹಲ್ಲುಜ್ಜುವಾಗ ಒಬ್ಬನೇ ನಕ್ಕ, ಅದೂ ಸಾಕ್ಷಿ. ಒಂದು ಭಾನುವಾರವಂತೂ ಅಡಿಗೆಮನೆ ಪಕ್ಕದ ಕೋಣೆಯಲ್ಲಿದ್ದ ಹಿಂಡಿ ಮೂಟೆಗಳನ್ನೆಲ್ಲ ಹೊರಗೆ ಹಾಕಿ, ಗೋಡೆಗೆ ಸುಣ್ಣ ಬಳಿಯಲು ನಿಂತ.

“ಯಾಕ್ರೀ, ಯಾರಾದ್ರೂ ಬರೋರವ್ರಾ?”

“ಯಾರ್ ಬತ್ತಾರೆ? ತೇವ ಹತ್ತಿತ್ತು, ಅದ್ಕೇ.”

“ಹಿಂಡಿ ಮೂಟೆಗೆ ಯಾಕ್ರೀ ಸುಣ್ಣ ಹೊಡ್ದ ಕೋಣೆ?”

“ಗೆದ್ಲು, ತೇವ ಒಂದೂ ಇರ್ಬಾರ್ದು ಕಣೇ ಇಲ್ಲಿ,” ಎಂದವನು ನಾಲಿಗೆ ಕಚ್ಚಿಕೊಂಡು, ಬ್ರಷ್ಷನ್ನು ಬಕೆಟ್ಟಿಗೆ ಅದ್ದಿದ.

ಅವಳು ಮುನಾವರನ ಅಂಗಡಿಗೆ ಹೋದದ್ದು ಆ ಕೋಣೆಯ ಸುಣ್ಣ ಒಣಗುವ ಮೊದಲೇ. ತುರುವೇಕೆರೆ ಬಸ್ ನಿಲ್ದಾಣದ ಹಿಂದೆ ಟೈಲರ್ ಅಂಗಡಿ ಇಟ್ಟಿರುವ ಮುನಾವರ್, ಗಂಗಾಧರನ ಜೊತೆ ಮೂರನೇ ಕ್ಲಾಸಿನಿಂದ ಒಂದೇ ಬೆಂಚಿನಲ್ಲಿ ಕೂತವನು. ಇವನಿಗೆ ಜ್ವರ ಬಂದರೆ ಅವನು ಕಷಾಯ ಕುಡಿಯುವಷ್ಟು ಸ್ನೇಹ. ಬ್ಲೌಸಿನ ಬಟ್ಟೆ ಹಿಡಿದು ಸುನಂದಾ ಮೆಟ್ಟಿಲು ಹತ್ತಿದಾಗ ಅವನ ಮಿಷನ್ನಿನ ಮೇಲೆ ಎಳೆಗೂಸಿಗೆ ಸುತ್ತುವಂಥ ಬೆಳ್ಳನೆಯ, ಮೆತ್ತನೆಯ ಫಲಾಲಿನ್ ಬಟ್ಟೆ ಹರಡಿತ್ತು. ಅವಳನ್ನು ಕಂಡದ್ದೇ ಮುನಾವರ್ ಅದನ್ನು ಮುದುರಿ ತೊಡೆಯ ಕೆಳಗೆ ಇಟ್ಟುಕೊಂಡ.

“ಮುಚ್ಚಿಡ್ತಿದೀರಲ್ಲ, ಏನಣ್ಣ ಅದು? ಯಾರ್ ಮನೇಲಿ ಬಾಣಂತನ?”

“ಅದಾ... ಯಾರ್ದೋ ಆರ್ಡರು ಅಕ್ಕ.”

ಮೂಲೆಯಲ್ಲಿ ಕೂತು ಗುಂಡಿ ಹಾಕುತ್ತಿದ್ದ ಅವನ ಮಗಳು ಇಕ್ರಾ ತಲೆಯೆತ್ತಿದಳು. “ಗಂಗಾಧರ್ ಮಾಮಂದೇ ಅಲ್ವಾ ಅಬ್ಬಾ ಅದು? ಒರಟು ಬಟ್ಟೆ ತಾಗ್ಬಾರ್ದು, ತುಂಬಾ ನಾಜೂಕು ಅಂದಿದ್ರಲ್ಲ?”

“ಚುಪ್!” ಎಂದ ಮುನಾವರ್.

ಸುನಂದಾ ಬ್ಲೌಸಿನ ಬಟ್ಟೆಯನ್ನು ಮೇಜಿನ ಮೇಲಿಟ್ಟಳು. “ಮುನಾವರಣ್ಣ, ನಿಮ್ಮನ್ನ ಒಡಹುಟ್ಟಿದೋನು ಅಂದ್ಕೊಂಡು ಕೇಳ್ತೀನಿ. ಬೆಂಗಳೂರಲ್ಲಿ ಏನೈತೆ?”

“ನಾನು ಮಾತು ಕೊಟ್ಬಿಟ್ಟಿದೀನಿ ಅಕ್ಕ. ಅವ್ನೇ ಹೇಳ್ಬೇಕು. ಕೆಟ್ಟದ್ದೇನಲ್ಲ. ಮನೆಗೆ ಬಂದ್ಮೇಲೆ ನೀವೂ ನೋಡಿ ಖುಷಿ ಪಡ್ತೀರ, ಬೇಕಾದ್ರೆ ನೋಡಿ.”

ಇಷ್ಟಾದ ಮೇಲೆ ಇನ್ನೇನು ಸಾಕ್ಷಿ ಬೇಕು? ಬ್ಲೌಸಿನ ಅಳತೆ ಕೊಡುವುದನ್ನೂ ಮರೆತು ಬಸ್ಸು ಹತ್ತಿದಳು.

ಜನವರಿಯ ಎರಡನೇ ವಾರ ಗಂಗಾಧರ ಊಟದ ತಟ್ಟೆಯ ಮುಂದೆ ಕೂತು, ಯಾರ ಮುಖವನ್ನೂ ನೋಡದೆ ಹೇಳಿದ. “ಈ ಭಾನುವಾರ ಬೆಂಗಳೂರಿಗೆ ಹೋಗ್ಬರ್ಬೇಕು. ಕೃಷಿ ಮೇಳ ಐತೆ.”

“ಕೃಷಿ ಮೇಳ ನವೆಂಬರಲ್ಲೇ ಮುಗೀತಲ್ಲ? ಪಕ್ಕದ್ಮನೆ ಮಾಯಣ್ಣ ಹೋಗಿ ಕಳೆ ಕೊಚ್ಚೋ ಮಿಷನ್ ತಂದ್ನಲ್ಲ?” ಎಂದಳು ಸುನಂದಾ.

“ಇದು... ಇನ್ನೊಂದು ಮೇಳ.”

“ಹೋಗ್ಬರ್ಲಿ ಬುಡೇ. ಗಂಡಸು, ನಾಕು ಕಡೆ ಹೋಗ್ತಾನೆ, ಬತ್ತಾನೆ,” ಎಂದು ಅಂಕಮ್ಮ ಮಗನ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟಳು.

ಅಂದೇ ಸಂಜೆ ಕಾಯಿ ರಾಶಿಯ ಹತ್ತಿರ ಮತ್ತೆ ಫೋನು. ಗೋಡೆಯ ಈಚೆ ಸುನಂದಾ ಸಗಣಿ ಬಾಚುವ ನೆವದಲ್ಲಿ ಉಸಿರು ಹಿಡಿದು ನಿಂತಿದ್ದಳು. “ಭಾನುವಾರ ಕನ್ವೆನ್ಷನ್‌ಗೇ ಬರ್ತೀವಿ ಸಾರ್. ತುಮಕೂರು ರೋಡಲ್ಲೇ ಅಲ್ವಾ ಹಾಲು, ನೆಲಮಂಗಲ ದಾಟಿ? ಹನ್ನೊಂದು ಗಂಟೆಗೆಲ್ಲ ಅಲ್ಲಿರ್ತೀವಿ.”

ಈಗ ತಿಪಟೂರಿನಲ್ಲಾಗಲಿ ತುರುವೇಕೆರೆಯಲ್ಲಾಗಲಿ ಕಲ್ಯಾಣ ಮಂಟಪ ಎಂದು ಬೋರ್ಡು ಬರೆಸುವವರು ಯಾರು? ಎಲ್ಲವೂ ಕನ್ವೆನ್ಷನ್ ಹಾಲುಗಳೇ. ಮದುವೆ ಅಲ್ಲೇ, ಸೀಮಂತ ಅಲ್ಲೇ, ನಾಮಕರಣ ಅಲ್ಲೇ. ಸುನಂದಾಳಿಗೆ ಎಲ್ಲ ತಿಳಿದುಹೋಯಿತು. ಅಲ್ಲಿ ಮಗುವಿನ ಕಾರ್ಯ ಇಟ್ಟುಕೊಂಡಿದ್ದಾರೆ. ಜನ ಸೇರಿಸಿ, ಊಟ ಹಾಕಿಸಿ, ಇವನ ಕೈಗೆ ಮಗು ಕೊಡುತ್ತಾರೆ.

ಆದರೆ ಮನಸ್ಸು ಹೇಳಿದ ಕಡೆ ಹೋಗುವ ವಸ್ತುವಲ್ಲ. ಗಂಡನ ಮೇಲೆ ಹಲ್ಲು ಕಡಿಯುತ್ತಾ ಪಾತ್ರೆ ತಿಕ್ಕಲು ಕೂತವಳಿಗೆ ಅವನು ಫೋನಿನಲ್ಲಿ ಆಡಿದ ಇನ್ನೊಂದು ಮಾತು ಕಿವಿಗೆ ಬರುತ್ತಿತ್ತು. ಮೂಲೇಲಿ ಬಿದ್ದಿತ್ತಾ, ಯಾರೂ ಕೇಳೋರಿಲ್ದೆ? ಅವಳ ಕಣ್ಣ ಮುಂದಿನ ಆ ಮಗು ಒಂದು ದಿನ ತೊಟ್ಟಿಲಲ್ಲಿರುತ್ತಿತ್ತು, ಮತ್ತೊಂದು ದಿನ ಐದು ವರ್ಷದ್ದಾಗಿ ಗೋಡೆ ಹಿಡಿದು ನಿಲ್ಲಲು ನೋಡುತ್ತಿತ್ತು. ಬೆನ್ನು ನಿಲ್ಲುತ್ತಿರಲಿಲ್ಲ. ಅದಕ್ಕೆ ಯಾರು ಎಣ್ಣೆ ಹಚ್ಚುತ್ತಾರೆ? ಬಿಸಿಲಿಗೆ ಯಾರು ಕೂರಿಸುತ್ತಾರೆ? ಶುಕ್ರವಾರದ ಹೊತ್ತಿಗೆ ಅವಳು ತೀರ್ಮಾನ ಮಾಡಿಬಿಟ್ಟಿದ್ದಳು. ಗಂಡನ ಜೊತೆ ಜಗಳ ಇದ್ದೇ ಇದೆ, ಸಾಯುವ ತನಕ ಆಡಬಹುದು. ಮಗು ಏನು ಮಾಡಿತ್ತು? ಕೊಟ್ಟರೆ ಕರೆದುಕೊಂಡು ಬರುವುದು. ಅಂದು ಸುಣ್ಣ ಬಳಿದ ಕೋಣೆಯ ಬಾಗಿಲಲ್ಲಿ ನಿಂತು, ಕಿಟಕಿಯಿಂದ ಗಾಳಿ ಜಾಸ್ತಿ ಬರುತ್ತದೆ ಎಂದುಕೊಂಡು, ಹಳೆಯ ಸೀರೆಯೊಂದನ್ನು ಹರಿದು ಪರದೆ ಕಟ್ಟಿದಳು.

ಶನಿವಾರ ಸಂಜೆ ರೇಷ್ಮೆ ಸೀರೆ ತೆಗೆದು ಇಸ್ತ್ರಿ ಮಾಡುತ್ತಿದ್ದಾಗ ಅಂಕಮ್ಮ ಮಂಡಿ ಹಿಡಿದುಕೊಂಡು ಬಂದು ನಿಂತಳು. ಗಂಗಾಧರ ತೋಟದಲ್ಲಿದ್ದ.

“ಯಾರ್ ಮದ್ವೆನೇ?”

“ನಿಮ್ಮಗನ ಮನೆ ಕಾರ್ಯ. ನನ್ನ ಕರೆದಿಲ್ಲ, ನಾನೇ ಹೋಗ್ತಿದೀನಿ.”

“ಅದೇನ್ ಒಗಟು? ಬುಡ್ಸಿ ಹೇಳು.”

ಸುನಂದಾ ಹೇಳಿದಳು. ಫೋನು, ಬೆನ್ನು, ಫಲಾಲಿನ್ ಬಟ್ಟೆ, ಸುಣ್ಣ, ಕನ್ವೆನ್ಷನ್ ಹಾಲು, ಎಲ್ಲವನ್ನೂ. ಅಂಕಮ್ಮ ಗೋಡೆ ಹಿಡಿದು ಮೆಲ್ಲನೆ ಕೂತಳು. ಆಮೇಲೆ ಕೇಳಿದಳು.

“ಗಂಡಾ, ಹೆಣ್ಣಾ?”

ಇಸ್ತ್ರಿ ಪೆಟ್ಟಿಗೆ ಹಿಡಿದ ಸುನಂದಾಳ ಕೈ ಗಾಳಿಯಲ್ಲೇ ನಿಂತಿತು. “ಅದೇನಾ ನೀವು ಮೊದ್ಲು ಕೇಳೋದು? ನಿಮ್ಮಗ ಮಾಡಿದ್ದು ಸರಿನಾ ಅಂತ ಕೇಳಲ್ವಾ? ನಿನ್ ಹೊಟ್ಟೆಗೆ ಹೆಂಗಾಯ್ತು ಸುನಂದಾ ಅಂತ ಕೇಳಲ್ವಾ?”

“ತಪ್ಪು ಕಣೇ. ತಪ್ಪಲ್ಲ ಅಂದ್ನಾ? ಆಗಿದ್ದು ಆಗೋಯ್ತು. ಅವ್ಳನ್ನ ಅಲ್ಲೇ ಬುಡು. ಮಗೂನ ತಕಬಾ.”

“ತಾಯಿ ಬಿಡ್ಸಿ ಹೊಡ್ಕಂಡು ಬರಾಕೆ ಅದೇನ್ ಸಂತೆ ಕರುವಾ?”

“ಮತ್ತೆ ನೀನ್ಯಾಕೆ ಹೋಗ್ತಿದೀಯಾ? ಸೇರಿದ ಜನದ ಮುಂದೆ ನನ್ ಮಗನ ಮಾನ ಕಳೆಯಾಕಾ?”

“ಅದನ್ನ ನೋಡಾಕೆ,” ಎಂದಳು ಸುನಂದಾ. ಅವಳ ದನಿ ಅವಳಿಗೇ ತೆಳ್ಳಗೆ ಕೇಳಿಸಿತು. “ಬೆನ್ನು ಸರಿಯಿಲ್ವಂತೆ. ಯಾರೂ ಕೇಳೋರಿಲ್ವಂತೆ. ಅವ್ರಾಗೇ ಕೊಟ್ರೆ ಕರ್ಕೊಂಡು ಬತ್ತೀನಿ. ಕೊಡ್ದಿದ್ರೆ ಒಂದ್ಸಲ ಎತ್ಕಂಡಾದ್ರೂ ಬತ್ತೀನಿ.”

ಅಂಕಮ್ಮ ಗೋಡೆ ಹಿಡಿದು ಎದ್ದು, ಸೀರೆಯ ಇನ್ನೊಂದು ತುದಿ ಹಿಡಿದುಕೊಟ್ಟಳು. ಆ ಮನೆಯಲ್ಲಿ ಅಂಥದ್ದು ನಡೆದದ್ದು ಅದೇ ಮೊದಲು.

ಭಾನುವಾರ ಬೆಳಕು ಹರಿಯುವ ಮುಂಚೆ ಗಂಗಾಧರ ಬೈಕಿನಲ್ಲಿ ಅಮ್ಮಸಂದ್ರ ಸ್ಟೇಷನ್ನಿಗೆ ಹೋಗಿ, ಮುನಾವರನ ಜೊತೆ ರೈಲು ಹತ್ತಿದ. ಸುನಂದಾ ಬಸ್ಸಿನಲ್ಲಿ ಹೊರಟು, ತುಮಕೂರಿನಲ್ಲಿ ಬಸ್ಸು ಬದಲಾಯಿಸಿ, ನೆಲಮಂಗಲ ದಾಟಿದ ಮೇಲೆ ಕಂಡಕ್ಟರನಿಗೆ ಹೇಳಿ ಹಾಲಿನ ಮುಂದೆಯೇ ಇಳಿದಳು. ಎಷ್ಟು ದೊಡ್ಡ ಹಾಲು! ಇಂಥದ್ದನ್ನು ಹಿಡಿಯಬೇಕಾದರೆ ಆ ಹೆಂಗಸಿನ ಕಡೆಯವರು ದುಡ್ಡಿನ ಕುಳಗಳೇ ಇರಬೇಕು. ಬಾಗಿಲಲ್ಲಿ ಸೆಕ್ಯೂರಿಟಿಯವನು ಕೈ ಅಡ್ಡ ಹಿಡಿದ.

“ಟಿಕೆಟ್ ಅಮ್ಮ?”

“ಕಾರ್ಯದ ಮನೆಗೆ ಟಿಕೇಟಾ?”

“ಎಲ್ರಿಗೂ ಟಿಕೆಟ್ಟೇ. ಅಲ್ಲಿ ಕೌಂಟರ್‌ನಲ್ಲಿ ತಗೊಳ್ಳಿ.”

ಬಂದ ನೆಂಟರಿಗೆ ಟಿಕೆಟ್ಟು ಇಡುವ ಜನ ಎಂಥವರೋ ಎಂದು ಬೈದುಕೊಂಡು, ಡೈರಿಯ ಹಾಲಿನ ದುಡ್ಡು ತೆತ್ತು, ಮಣಿಕಟ್ಟಿಗೆ ಕಾಗದದ ಪಟ್ಟಿ ಕಟ್ಟಿಸಿಕೊಂಡು ಒಳಗೆ ಕಾಲಿಟ್ಟಳು.

ಒಳಗೆ ವಾಲಗವಿರಲಿಲ್ಲ, ಹೂವಿನ ಅಲಂಕಾರವಿರಲಿಲ್ಲ. ಬೆನ್ನಿಗೆ ರೆಕ್ಕೆ ಕಟ್ಟಿಕೊಂಡ ಹುಡುಗರು, ಹಸಿರು ಮುಖದ ಹುಡುಗಿಯರು, ರಟ್ಟಿನ ಕತ್ತಿ ಹಿಡಿದ ಗಡ್ಡದವರು. ಎಲ್ಲರ ಕೈಯಲ್ಲೂ ಚಿತ್ರದ ಪುಸ್ತಕ. ಸುನಂದಾ ಪಾಪ, ಈ ಮನೆಯವರು ವೇಷದವರನ್ನೂ ಕರೆಸಿದ್ದಾರೆ ಎಂದುಕೊಂಡಳು. ನೀಲಿ ಕೂದಲಿನ ಹುಡುಗಿಯೊಬ್ಬಳು ಅವಳ ರೇಷ್ಮೆ ಸೀರೆ, ಮುಡಿದ ಕನಕಾಂಬರ, ಹಣೆಯ ಕಾಸಗಲ ಕುಂಕುಮ ನೋಡಿ ಓಡಿ ಬಂದಳು.

“ಆಂಟಿ, ಸೂಪರ್ ಕಾಸ್ಟ್ಯೂಮ್! ಯಾವ ಕ್ಯಾರೆಕ್ಟರ್ ನೀವು?”

“ನಾನಾ? ಗಂಗಾಧರನ ಹೆಂಡ್ತಿ.”

ಹುಡುಗಿಗೆ ಅರ್ಥವಾಗಲಿಲ್ಲ. ಆದರೂ ಪಕ್ಕದಲ್ಲಿ ನಿಂತು ಫೋಟೋ ತೆಗೆದುಕೊಂಡು ಹೋದಳು.

ಸುನಂದಾ ಸಾಲು ಸಾಲು ಹುಡುಕಿದಳು. ತೊಟ್ಟಿಲು ಕಾಣಲಿಲ್ಲ, ಊಟದ ಮನೆ ಕಾಣಲಿಲ್ಲ. ಕೊನೆಯ ಮೂಲೆಯಲ್ಲಿ, ಅಷ್ಟಾಗಿ ಜನವಿಲ್ಲದ ಒಂದು ಮಳಿಗೆಯ ಮುಂದೆ ಗಂಡನ ಬೆನ್ನು ಕಂಡಿತು. ರಟ್ಟಿನ ಪೆಟ್ಟಿಗೆಗಳ ಮುಂದೆ ಅವನು ಮಂಡಿಯೂರಿ ಕೂತಿದ್ದ. ಅಂಗಡಿಯಲ್ಲಿ ಕನ್ನಡಕದ ನಡುವಯಸ್ಸಿನವನೊಬ್ಬ ಇದ್ದ. ಮುನಾವರ್ ಅವನೊಡನೆ ಏನೋ ಚೌಕಾಸಿ ಮಾಡುತ್ತಿದ್ದ, ಹೆಗಲಲ್ಲಿ ಬಿಳೀ ಫಲಾಲಿನ್. ಅವಳು ಹತ್ತಿರ ಬರುವಾಗ ಸರಿಯಾಗಿ ಕೇಳಿಸಿದ್ದು ಅಂಗಡಿಯವನು ಹೇಳಿದ ಒಂದೇ ಮಾತು. “ಫಸ್ಟ್ ಇಶ್ಯೂ ಸಾರ್!”

ಸುನಂದಾ ಯಾರನ್ನೂ ಮಾತಾಡಿಸಲಿಲ್ಲ. ನೇರವಾಗಿ ಮೇಜಿನ ಹಿಂದಕ್ಕೆ ಹೋದಳು. ಅಲ್ಲಿ ಇರಲಿಲ್ಲ. ಬಗ್ಗಿ ಮೇಜಿನ ಬಟ್ಟೆ ಎತ್ತಿ ಕೆಳಗೆ ನೋಡಿದಳು. ಖಾಲಿ ಪೆಟ್ಟಿಗೆಗಳು, ನೀರಿನ ಬಾಟಲಿ.

“ಸುನಂದಾ! ನೀನು... ಇಲ್ಲಿ?” ಗಂಗಾಧರ ಎದ್ದು ನಿಂತ.

“ಎಲ್ಲೈತೆ?”

“ಏನು?”

“ಮಗು.”

“ಯಾವ್ ಮಗು?”

“ನಿಮ್ದು ಕಣ್ರೀ! ಬೆನ್ನು ಸರಿಯಿಲ್ದಿರೋದು! ನಿಮ್ ಫಸ್ಟ್ ಇಶ್ಯೂ! ಎಲ್ಲಿ ಮಲಗ್ಸಿದೀರ ಅದನ್ನ?”

ಅಂಗಡಿಯವನು ವ್ಯಾಪಾರದವನು, ಗಿರಾಕಿ ಕೇಳಿದ್ದನ್ನು ತೋರಿಸಿದ. “ಇದೇ ಮೇಡಂ ಫಸ್ಟ್ ಇಶ್ಯೂ,” ಎಂದು ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿದ.

ಅದೊಂದು ತೆಳ್ಳನೆಯ ಪುಸ್ತಕ. ಪ್ಲಾಸ್ಟಿಕ್ ಕವರಿನೊಳಗೆ, ಬಣ್ಣ ಮಾಸಿದ ರಕ್ಷಾಪುಟದ ಮೇಲೆ, ಕುದುರೆ ಹತ್ತಿ ಚಾಟಿ ಬೀಸುವ ಮೀಸೆಯವನೊಬ್ಬ. ಮೇಲೆ ‘ಚಾಟಿವೀರ’ ಎಂಬ ದಪ್ಪ ಅಕ್ಷರ, ಪಕ್ಕದಲ್ಲಿ ‘1’. ಬೆಲೆ ಒಂದು ರೂಪಾಯಿ. ಪಿನ್ನು ತುಕ್ಕು ಹಿಡಿದು ಪುಸ್ತಕದ ಬೆನ್ನು ಅರ್ಧ ಬಿಟ್ಟುಕೊಂಡಿತ್ತು.

ಮೊದಲು ಅರ್ಥವಾದದ್ದು ಮುನಾವರನಿಗೆ. “ಯಾ ಅಲ್ಲಾ,” ಎಂದು ಅವನು ಪೆಟ್ಟಿಗೆಯ ಮೇಲೆ ಕುಸಿದು ಕೂತ. “ಅಕ್ಕ, ಇದು ಕಾಮಿಕ್ಸ್ ಪುಸ್ತಕದ ಮೇಳ, ಕನ್ವೆನ್ಷನ್ ಅಂತಾರೆ. ಈ ಜನ ಸಂಚಿಕೆಗೆ ಇಶ್ಯೂ ಅಂತಾರೆ. ಒಂದನೇ ನಂಬರ್ ಪುಸ್ತಕ ಫಸ್ಟ್ ಇಶ್ಯೂ. ಉಳಿದ ನಂಬರೆಲ್ಲ ನನ್ ಅಂಗ್ಡೀಲೇ ಇವೆ, ಇದೊಂದು ಸಿಕ್ಕಿರ್ಲಿಲ್ಲ ನಮ್ಗೆ, ಅಷ್ಟೇ ಅಕ್ಕ.”

ಸುತ್ತ ನಿಂತಿದ್ದ ಹುಡುಗರು ನಕ್ಕರು. ಅಂಗಡಿಯವನು ನಕ್ಕ. ಸುನಂದಾಳಿಗೂ ನಗು ಬಂತು. ಸೆರಗು ಬಾಯಿಗೆ ಹಿಡಿದು, ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುತ್ತಾ ನಗುತ್ತಾ ಅದು ಯಾವಾಗ ಅಳುವಾಯಿತೋ ಅವಳಿಗೇ ತಿಳಿಯಲಿಲ್ಲ. ಬಿಕ್ಕಿ ಬಿಕ್ಕಿ ಅತ್ತಳು. ನಕ್ಕ ಹುಡುಗರು ಮೆಲ್ಲನೆ ಜಾಗ ಖಾಲಿ ಮಾಡಿದರು.

“ಏಯ್, ಯಾಕೇ?” ಗಂಗಾಧರ ಗಾಬರಿಬಿದ್ದ. “ಮಗೂನೂ ಇಲ್ಲ, ಯಾರೂ ಇಲ್ಲ ಕಣೇ. ನಿನ್ನಾಣೆಗೂ ಇಲ್ಲ. ಸಂತೋಷ ಪಡ್ಬೇಕಲ್ವಾ ನೀನು?”

“ಇಲ್ವಲ್ಲ ಅಂತ್ಲೇ ಕಣ್ರೀ ಅಳ್ತಿರೋದು. ಒಂದು ತಿಂಗ್ಳಿಂದ ಇತ್ತು ನಂಗೆ.”

ಗಂಗಾಧರ ಪುಸ್ತಕವನ್ನು ಮೇಜಿನ ಮೇಲೆ ಇಟ್ಟುಬಿಟ್ಟ. “ಬ್ಯಾಡ ಸಾರ್,” ಎಂದ ಅಂಗಡಿಯವನಿಗೆ.

ಸುನಂದಾ ಮೂಗು ಒರೆಸಿಕೊಂಡಳು. ಇಷ್ಟು ದೂರ ಬಂದು ಬರಿಗೈಯಲ್ಲಿ ಹೋಗುವುದು ಅವಳಿಗೆ ಸರಿಬರಲಿಲ್ಲ. “ಇಷ್ಟು ವರ್ಷ ಹುಡುಕಿದ್ದು ಬುಟ್ಟು ಬತ್ತೀರಾ? ತಗೊಳ್ರಿ,” ಎಂದು ಗದರಿ, ಅಂಗಡಿಯವನ ಕಡೆ ತಿರುಗಿದಳು. “ಬೆನ್ನೇ ಹೋಗೈತಲ್ಲ ಸ್ವಾಮಿ ಇದ್ರದ್ದು. ಒಂದ್ಮಾತು ಹೇಳಿ.” ಮುನಾವರ್ ಅರ್ಧ ಗಂಟೆ ಗಿಂಜಿಕೊಂಡರೂ ಇಳಿಯದ ಬೆಲೆ ಆ ಕಣ್ಣೀರಿನ ಮುಖಕ್ಕೆ ಇಳಿಯಿತು.

ಮೂವರೂ ರೈಲಿನಲ್ಲಿ ಹಿಂದಿರುಗಿದರು. ಮುನಾವರ್ ದೂರದ ಕಿಟಕಿಗೆ ಹೋಗಿ ಕೂತ. ತುಮಕೂರು ಬರುವ ಹೊತ್ತಿಗೆ ಗಂಡಹೆಂಡಿರ ಎದುರಿನ ಸೀಟು ಖಾಲಿಯಾಯಿತು.

“ಹತ್ತು ವರ್ಷದೋರಿದ್ದಾಗ ನಾವಿಬ್ರೂ ಎಂಟೆಂಟಾಣೆ ಹಾಕಿ ತಗೊಂಡಿದ್ದು ಕಣೇ ಅದು,” ಎಂದ ಗಂಗಾಧರ ಕೊನೆಗೆ. “ಅಪ್ಪ ನೀರೊಲೆಗೆ ಹಾಕ್ಬಿಟ್ರು. ಓದೋದ್ಬುಟ್ಟು ಬೊಂಬೆ ನೋಡ್ತೀಯಾ ಅಂತ.”

“ಅಂತ ಹೇಳಕ್ಕೇನಾಗಿತ್ತು ನಂಗೆ?”

ಅವನು ಕಿಟಕಿಯ ಹೊರಗೆ ನೋಡಿದ. “ಮಕ್ಳ ಪುಸ್ತಕ ಅಲ್ವೇನೇ ಅದು. ನಮ್ಮನೇಗೆ ಅದನ್ನ ತಂದು, ಓದೋ ಮಕ್ಳಿಲ್ದೆ ನಾನೇ ಓದ್ಕಂಡು ಕೂತ್ರೆ, ನೋಡ್ದೋಳು ನೀನು ಏನಂದ್ಕತೀಯಾ ಅಂತ. ಎಲ್ಲಾನೂ ಆ ಕೋಣೇಲಿ ಇಟ್ಟು, ಒಂದಿನ ನಿಧಾನಕ್ಕೆ ಹೇಳಾನ ಅಂತಿದ್ದೆ.”

ಸುನಂದಾಳಿಗೆ ಗಂಡನ ಮೇಲೆ ಸಿಟ್ಟು ಬಂತು, ಮರುಕವೂ ಬಂತು. ತನಗೆ ನೋವಾಗಬಾರದೆಂದು ಮುಚ್ಚಿಟ್ಟು ಈ ಪುಣ್ಯಾತ್ಮ ತಿಂಗಳಿಡೀ ನೋಯಿಸಿದ್ದ. ಮುನಾವರ್ ಹೊಲಿದಿದ್ದ ಫಲಾಲಿನ್ ಚೀಲದಲ್ಲಿದ್ದ ಪುಸ್ತಕವನ್ನು ಅವನ ಕೈಯಿಂದ ತೆಗೆದುಕೊಂಡು, ನೂಕುನುಗ್ಗಲಿನಲ್ಲಿ ಮಡಚಿಹೋಗದಂತೆ ತೊಡೆಯ ಮೇಲೆ ಇಟ್ಟುಕೊಂಡಳು.

ಅಮ್ಮಸಂದ್ರದಲ್ಲಿ ಇಳಿದು ಬೈಕು ಹತ್ತಿದಾಗಲೂ ಮನೆಯಲ್ಲೊಬ್ಬಳು ಕಾಯುತ್ತಿದ್ದಾಳೆಂಬುದು ಅವಳಿಗೆ ನೆನಪಾಗಲಿಲ್ಲ. ನೆನಪಾದದ್ದು ಗೇಟಿನ ಮುಂದೆ ಬೈಕು ನಿಂತಾಗ. ಇನ್ನೂ ಬೆಳಕಿತ್ತು. ಹೊಸಿಲಿಗೆ ನೀರು ಬಿದ್ದಿತ್ತು, ರಂಗೋಲಿ ಬಿದ್ದಿತ್ತು. ತಲೆಗೆ ನೀರು ಹಾಕಿಕೊಂಡು, ಒಳ್ಳೆಯ ಸೀರೆ ಉಟ್ಟು, ಅರಿಶಿನ ಸುಣ್ಣ ಕಲಸಿದ ಕೆಂಪು ನೀರಿನ ತಟ್ಟೆ ಹಿಡಿದು ಅಂಕಮ್ಮ ಬಾಗಿಲಲ್ಲಿ ನಿಂತಿದ್ದಳು. ಅವಳ ಕಣ್ಣು ಸೊಸೆಯ ಎದೆಗವುಚಿದ್ದ ಬಿಳೀ ಬಟ್ಟೆಯ ಮೇಲೆ ಹೋಯಿತು.

“ಮಲಗೈತಾ?” ಎಂದಳು ಮೆಲ್ಲಗೆ. “ಇಷ್ಟೇ ಇಷ್ಟುದ್ದ ಐತಲ್ಲೇ!”

ಸುನಂದಾ ಚೀಲದಿಂದ ಪುಸ್ತಕವನ್ನು ಈಚೆ ತೆಗೆದಳು. “ಮಗು ಇಲ್ಲ ಅತ್ತೆ. ಇರ್ಲೇ ಇಲ್ಲ. ನಾನೇ ತಪ್ಪು ತಿಳ್ಕಂಡೆ. ಪುಸ್ತಕಕ್ಕೂ ಇಶ್ಯೂ ಅಂತಾರಂತೆ.”

ಗಂಗಾಧರ ತಡವರಿಸುತ್ತಾ ಎಲ್ಲ ಹೇಳಿದ. ಅಂಕಮ್ಮ ತಟ್ಟೆ ಹಿಡಿದೇ ಕೇಳಿದಳು. ಚಾಟಿಯವನ ಮೀಸೆಯನ್ನೂ, ಮಗನ ನರೆತ ಮೀಸೆಯನ್ನೂ ಬದಲಿಸಿ ಬದಲಿಸಿ ನೋಡಿದಳು.

“ಇಷ್ಟು ವಯಸ್ಸಾಯ್ತು,” ಎಂದಳು ಮಗನಿಗೆ. “ಅದೊಂದಾದ್ರೂ ಮಾಡಾಕಾಗ್ಲಿಲ್ವೇನ್ಲಾ ನಿನ್ ಕೈಲಿ?”

ಹದಿನಾರು ವರ್ಷದಲ್ಲಿ ಆ ಮಾತು ಮಗನ ಕಡೆ ತಿರುಗಿದ್ದು ಅದೇ ಮೊದಲು. ಗಂಗಾಧರ ತಲೆ ತಗ್ಗಿಸಿ ಬೈಕು ತಳ್ಳಿಕೊಂಡು ಕೊಟ್ಟಿಗೆಯ ಕಡೆ ಹೋದ. ಅಂಕಮ್ಮ ಕೆಂಪು ನೀರನ್ನು ಅಂಗಳದ ತೆಂಗಿನ ಬುಡಕ್ಕೆ ಸುರಿದು, ಖಾಲಿ ತಟ್ಟೆ ಹಿಡಿದು ಅಲ್ಲೇ ನಿಂತಳು.

“ಎಣ್ಣೆ ಕಾಯ್ಸಿಟ್ಟಿದ್ದೆ ಕಣೇ,” ಎಂದಳು, ಸೊಸೆಯ ಮುಖ ನೋಡದೆ. “ನಮ್ ಕೊಬ್ರಿದೇ. ಬೆಳಗ್ಗೆಯಿಂದ ಮೂರು ಸಲ ಬೆಚ್ಚಗೆ ಮಾಡ್ದೆ. ದಿನಾ ತಿಕ್ಕಿದ್ರೆ ಎಂಥಾ ಬೆನ್ನಾದ್ರೂ ನಿಲ್ಲುತ್ತೆ.”

ಸುನಂದಾ ಒಳಗೆ ಹೋಗಿ ಪುಸ್ತಕವನ್ನು ಕೋಣೆಯಲ್ಲಿಟ್ಟು, ರೇಷ್ಮೆ ಸೀರೆ ಬಿಚ್ಚಿ ಹಳೇ ಸೀರೆ ಸುತ್ತಿಕೊಂಡು ಬಚ್ಚಲಿಗೆ ಬಂದಳು. ಒಲೆಯ ದಂಡೆಯ ಮೇಲೆ ಎಣ್ಣೆ ಬಟ್ಟಲು ಇತ್ತು. ಬಚ್ಚಲ ಮಣೆಯ ಮೇಲೆ ಬಾಗಿಲಿಗೆ ಬೆನ್ನು ಮಾಡಿ ಕೂತಳು.

“ಬನ್ನಿ ಅತ್ತೆ. ನಂಗೇ ತಿಕ್ಕಿ.”

“ಥೂ, ನಿನಗ್ಯಾಕೆ? ನೀನೇನ್ ಕೂಸಾ?”

“ನನ್ ಬೆನ್ನೂ ಸರಿಯಿಲ್ಲ.”

ಅಂಕಮ್ಮ ಗೊಣಗುತ್ತಾ ಬಂದಳು. ಮಂಡಿ ಹಿಡಿದು ಕೂತು, ಬಟ್ಟಲಿಗೆ ಕೈ ಅದ್ದಿ, ಸೊಸೆಯ ಬೆನ್ನಿನ ಮೇಲೆ ಒಮ್ಮೆ ಬಲವಾಗಿ ಎಳೆದಳು. ಮದುವೆಯಾಗಿ ಬಂದ ಮೇಲೆ ಆ ಕೈ ಸುನಂದಾಳ ಮೈ ಮುಟ್ಟಿದ್ದು ಅವಳಿಗೆ ನೆನಪಿರಲಿಲ್ಲ.

“ಬರೀ ಮೂಳೆ ಕಣೇ ನೀನು,” ಎಂದು ಗದರಿದಳು ಅಂಕಮ್ಮ. “ಏನ್ ತಿಂತೀಯಾ ಈ ಮನೇಲಿ?”

“ನಿಮ್ ಬೈಗುಳ.”

ಅಂಕಮ್ಮನ ಕೈ ನಿಂತಿತು. ಆಮೇಲೆ ಮುದುಕಿ ಅಂಗೈ ತುಂಬ ಇನ್ನಷ್ಟು ಎಣ್ಣೆ ಸುರಿದುಕೊಂಡು, ಕತ್ತಿನ ಬುಡದಿಂದ ಶುರುಮಾಡಿ, ಒಂದೊಂದೇ ಮೂಳೆಯ ಮೇಲೆ ಹೆಬ್ಬೆರಳಾಡಿಸುತ್ತಾ, ಎಳೆಗೂಸಿಗೆ ತಿಕ್ಕುವ ಹಾಗೆ ಮೆತ್ತಗೆ ತಿಕ್ಕತೊಡಗಿದಳು.